ಕಿಲುಬು

ನೀರಿನಿಂದ ದೀಪ ಹತ್ತುತ್ತದೆಂಬುದನ್ನು ಗೋಕಾಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಜಲಪಾತದ ಬಳಿ 1887ರಲ್ಲಿಯೇ ಘಟಪ್ರಭೆಯ ನೀರಿನಿಂದ ವಿದ್ಯುತ್ತು ತೆಗೆದರು. ಅದೇ ನೀರು ದೀಪವನ್ನು ಕೆಡಿಸಲೂ ಬಲ್ಲದೆಂಬ ಪಾಠ ನನಗಾದದ್ದು 2019ರ ಆಗಸ್ಟಿನಲ್ಲಿ.

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ನೀರೂ ಮಾರ್ಕಂಡೇಯ ನದಿಯ ನೆರೆಯೂ ಕೂಡಿ ಊರೊಳಗೆ ನುಗ್ಗಿದಾಗ, ಮಕ್ಕಳುಮರಿ ಕಟ್ಟಿಕೊಂಡು ಬೀಗರ ಮನೆಗೆ ಓಡಿದೆವು. ಕಾರು ಅಂಗಳದಲ್ಲಿಯೇ ಉಳಿಯಿತು. ಮರಳಿ ಬಂದು ನೋಡಿದರೆ ಸೀಟಿನ ಬುಡದವರೆಗೆ ಕೆಸರಿನ ಗೆರೆ. ಕೀಲಿ ತಿರುವಿ ನೋಡುವ ಚಪಲ ಯಾರಿಗಿಲ್ಲ? ಮೂಡಲಗಿಯ ಮೇಸ್ತ್ರಿ ಫೋನಿನಲ್ಲಿಯೇ ತಡೆದ.

"ಸಾಹೇಬ್ರ, ಕೀಲಿ ಮುಟ್ಟಬ್ಯಾಡ್ರಿ. ಮೊದಲ ಬ್ಯಾಟರಿ ವಾಯರ್ ಬಿಚ್ಚಿಡ್ರಿ. ಹಸಿ ಇದ್ದಾಗ ಕರೆಂಟ್ ಹರೀತಂದ್ರ ತಾಮ್ರಾನ ತಿಂದ ಬಿಡತೈತಿ."

ಆತ ಬಂದು ಕಾಲಡಿಯ ಹಾಸು ಕಿತ್ತ, ಎಣ್ಣೆಗಳನ್ನು ಬದಲಿಸಿದ, ತಂತಿಯ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿ, ಕೆಸರು ತೊಳೆದು ಒಣಗಿಸಿದ. ಕೆಲವು ದಿನಗಳಲ್ಲಿ ಕಾರು ನಡೆಯಿತು. ನಾನು ಗೆದ್ದೆನೆಂದುಕೊಂಡೆ.

ದೀಪಾವಳಿಯ ಹೊತ್ತಿಗೆ ಹುಕ್ಕೇರಿಯ ಮಾಸ್ತರರೊಬ್ಬರಿಗೆ ಅದನ್ನು ಮಾರುವ ಮಾತಾಯಿತು. ನೀರು ಹೊಕ್ಕಿತ್ತೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದೆ ಹೇಳುವುದು ವ್ಯವಹಾರವಲ್ಲವೆಂದು ನನ್ನ ಮನಸ್ಸಿಗೆ ನಾನೇ ವಕೀಲನಾದೆ.

ಕಾರು ಕೊಡಬೇಕಾದ ವಾರವೇ ಅದಕ್ಕೊಂದು ಚಾಳಿ ಹತ್ತಿತು. ಬ್ರೇಕು ತುಳಿದರೆ ಹಿಂದಿನ ಎಡಗಡೆಯ ಇಂಡಿಕೇಟರು ಮಿಣಮಿಣ ಎನ್ನುವುದು! ಬಲ್ಬು ಬದಲಿಸಿದೆ, ಫ್ಯೂಜು ಬದಲಿಸಿದೆ; ಚಾಳಿ ಬಿಡಲಿಲ್ಲ.

ಮತ್ತೆ ಮೂಡಲಗಿಗೆ ಹೋದೆ. ಮೇಸ್ತ್ರಿ ಬಲ್ಬಿನತ್ತ ನೋಡಲೇ ಇಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ತುದಿಗೂ ಇನ್ನೊಂದನ್ನು ಹಿಂದಿನ ದೀಪದ ಅರ್ಥಿಂಗ್ ತಂತಿಗೂ ಹಿಡಿದು, ನನ್ನಿಂದ ಬ್ರೇಕು ತುಳಿಸಿದ. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ 4 ವೋಲ್ಟು ತೋರಿತು. ಡಿಕ್ಕಿಯ ಮೂಲೆಯ ಹೊದಿಕೆ ತೆಗೆದರೆ, ತಂತಿಯನ್ನು ಬಾಡಿಗೆ ಬಿಗಿದ ಬೋಲ್ಟಿಗೆ ತುಕ್ಕು, ತಂತಿಯ ತುದಿಗೆ ಹಸಿರು ಕಿಲುಬು.

"ಕರೆಂಟಿಗೆ ತಿರುಗಿ ಹೋಗಾಕ ನೇರ ದಾರಿ ಸಿಗಲಿಲ್ಲಂದ್ರ ಮಂದಿ ಅಂಗಳದಾಗ ಹಾದು ಹೋಗತೈತ್ರಿ," ಎಂದ. ಹೊಳೆಯುವ ಕಬ್ಬಿಣ ಕಾಣುವತನಕ ತಿಕ್ಕಿ, ತಂತಿಗೆ ಹೊಸ ತುದಿ ಹಾಕಿ ಬಿಗಿದು, ಮೇಲೆ ಗ್ರೀಸು ಸವರಿದ. ಇಂಡಿಕೇಟರು ಸುಮ್ಮನಾಯಿತು. ಆತ ಸುಮ್ಮನಾಗಲಿಲ್ಲ.

"ಇನ್ನ ಎಲ್ಲೆಲ್ಲಿ ಕಿಲುಬೈತೋ ನನಗೂ ಗೊತ್ತಿಲ್ರಿ. ತಗೊಳ್ಳಾವ್ರಿಗೆ ನೀರಿನ ಸಂಗತಿ ಹೇಳೀರಿಲ್ಲೊ?"

ವಕೀಲನ ಬಾಯಿ ಕಟ್ಟಿತು. ಮರುದಿನ ಹುಕ್ಕೇರಿಗೆ ಹೋಗಿ ಎಲ್ಲ ಹೇಳಿ, ಮುಂಗಡ ಹಣ ಮುಂದಿಟ್ಟೆ. ಮಾಸ್ತರರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಚಹಾ ತರಿಸಿದರು, ಹಣ ಎಣಿಸಿಕೊಂಡರು, ಕಾರು ಬೇಡವೆಂದರು.

ಅದು ನನ್ನಲ್ಲಿಯೇ ಇದೆ. ಪ್ರತಿ ಮಳೆಗಾಲಕ್ಕೆ ಮೊದಲು ಡಿಕ್ಕಿಯ ಮೂಲೆ ತೆರೆದು ಆ ಬೋಲ್ಟನ್ನು ನೋಡುತ್ತೇನೆ. ಹುಕ್ಕೇರಿಯ ದಾರಿಯಲ್ಲಿ ಮಾಸ್ತರರು ಕಂಡರೆ, ಕಾರು ನಿಲ್ಲಿಸಿ ಅವರನ್ನು ಮಾತನಾಡಿಸಬಲ್ಲೆ.