ಒಂದು ಕ್ವಿಂಟಾಲ್ ಮೆಣಸಿಗೆ ಒಂದು ಗೇಮಿಂಗ್ ಪಿಸಿ

"ನೀನು ಸಾಫ್ಟ್‌ವೇರ್ ಇಂಜಿನಿಯರ್ ತಾನೇ, ಒಂದು ಕಂಪ್ಯೂಟರ್ ಜೋಡಿಸಿಕೊಡು" ಅನ್ನೋ ಮಾತು ನಮ್ಮಲ್ಲಿ ಬಹಳ ಜನ ಕೇಳಿರ್ತೀರಿ. ಸಾಫ್ಟ್‌ವೇರಿನವರಿಗೆ ಹಾರ್ಡ್‌ವೇರ್ ಗೊತ್ತಿರಲೇಬೇಕು ಅನ್ನೋದು ಬಸ್ ಓಡಿಸೋನಿಗೆ ಟೈರ್ ಮಾಡೋದೂ ಗೊತ್ತಿರಬೇಕು ಅಂದ ಹಾಗೆ. ನೆಂಟರು ಕೇಳಿದಾಗ ಏನೋ ಒಂದು ಹೇಳಿ ತಪ್ಪಿಸಿಕೊಳ್ತೀನಿ. ಆದ್ರೆ 2025ರ ಏಪ್ರಿಲ್‌ನಲ್ಲಿ ಕೇಳಿದ್ದು ನನ್ನ ತಮ್ಮ. ಅವನ ವಿಷಯಕ್ಕೆ ಬಂದ್ರೆ ತಪ್ಪಿಸಿಕೊಳ್ಳೋ ಹಾಗಿಲ್ಲ.

ನಮ್ಮೂರು ಕೊಪ್ಪದ ಹತ್ತಿರ. ಅಪ್ಪನಿಗೆ ಸೊಂಟದ ಆಪರೇಷನ್ ಆದಮೇಲೆ ತೋಟ ನೋಡಿಕೊಳ್ಳೋಕೆ ಒಬ್ಬರು ಬೇಕಿತ್ತು. ನನಗೆ ಆಗಷ್ಟೇ ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು, ಅವನ ಡಿಪ್ಲೊಮಾ ಮುಗಿದಿತ್ತು. ಯಾರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದಲ್ಲ, ಅವನು ಉಳಿದ, ನಾನು ಬಂದೆ. ಅಷ್ಟು ವರ್ಷದಲ್ಲಿ ಅವನು ನನ್ನ ಹತ್ರ ಏನೂ ಕೇಳಿದವನಲ್ಲ. ಫೋನಲ್ಲಿ ಬಸ್ ಓಡಿಸೋ ಆಟ ಆಡ್ತಾ, ಅದಕ್ಕೆ ನಮ್ಮ ಕೆಂಪು ಬಸ್ಸಿನ ಬಣ್ಣ ಎಲ್ಲಿಂದಲೋ ಹುಡುಕಿ ಹಾಕಿಕೊಂಡು ಖುಷಿಯಾಗಿದ್ದ. ಆ ಸಲ ಮೆಣಸಿನ ಕೊಯ್ಲು ಮುಗಿಸಿ ಒಂದು ಕ್ವಿಂಟಾಲ್ ಮಾರಿದ. ಕೆ.ಜಿ.ಗೆ 640ರಂತೆ 64 ಸಾವಿರ ಬಂತು. ನಾಕು ಸಾವಿರ ಜೊತೆಗೆ ಏಣಿ ಹತ್ತಿದವನ ಕೂಲಿಗೆ ಹೋಯ್ತು. ಉಳಿದ ಅರವತ್ತು ಸಾವಿರ ನನ್ನ ಅಕೌಂಟಿಗೆ ಬಂದು ಬಿತ್ತು. ಜೊತೆಗೊಂದು ಮೆಸೇಜು: "ಗೇಮಿಂಗ್ ಪಿಸಿ. ಮಾನಿಟರ್ ಸೇರಿ. ಅರವತ್ತು ದಾಟಬಾರದು."

ಫೋನ್ ಮಾಡಿ, ನಾನೊಂದು ಹದಿನೈದು ಸೇರಿಸ್ತೀನಿ ಮಾರಾಯ ಅಂದೆ. "ಬೇಡ ಅಣ್ಣ, ಅದು ನಿನ್ನ ಪಿಸಿ ಆಗ್ತದೆ" ಅಂದ. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಹಸಿ ಮೆಣಸು ಮೂರು ಕೆ.ಜಿ. ಒಣಗಿದ್ರೆ ಒಂದು ಕೆ.ಜಿ. ಸಿಗೋದು ಅಂತ ತೋಟ ಇರೋರಿಗೆಲ್ಲ ಗೊತ್ತು. ಅಂದ್ರೆ ಒಂದು ಕ್ವಿಂಟಾಲಿಗೆ ಮುನ್ನೂರು ಕೆ.ಜಿ. ಕೊಯ್ದಿರಬೇಕು, ಅದೂ ಒಂಟಿ ಏಣಿ ಮೇಲೆ ನಿಂತು. ಹಾಗಾಗಿ ನನ್ನ ಎಕ್ಸೆಲ್ ಶೀಟಲ್ಲಿ ಬೆಲೆಯ ಪಕ್ಕ ಇನ್ನೊಂದು ಕಾಲಂ ಹಾಕಿದೆ, "ಮೆಣಸು, ಕೆ.ಜಿ." ಅಂತ. ಅದನ್ನ ಹಾಕಿದ ಮೇಲೆ ಬಣ್ಣಬಣ್ಣದ ಲೈಟಿರೋ ರ‍್ಯಾಮ್ ತಗೊಳ್ಳೋ ಧೈರ್ಯ ಬರಲ್ಲ ಬಿಡಿ :)

ಎಸ್.ಪಿ. ರೋಡಿಗೆ ಹೋದ್ರೆ ಅರ್ಧ ನಿಮಿಷದಲ್ಲಿ ಕೊಟೇಶನ್ ಬರ್ದು ಕೊಡ್ತಾರೆ. ಒಂದು ಅಂಗಡೀಲಿ "ಐ7, ಗೇಮಿಂಗ್ ಕ್ಯಾಬಿನೆಟ್, ಆರು ಫ್ಯಾನು" ಅಂದರು. ಯಾವ ಐ7 ಅಂತ ನೋಡಿದ್ರೆ 3770. ಅದು 2012ರ ಸರಕು! 2022ರಲ್ಲಿ ಬಂದ ನಾಕೇ ಕೋರಿನ ಐ3 12100ಎಫ್ ಕೂಡ ಅದನ್ನ ಹಿಂದೆ ಹಾಕತ್ತೆ. ಐ3ಗಿಂತ ಐ7 ದೊಡ್ಡದು ಅನ್ನೋ ನಂಬಿಕೆ ಮೇಲೇ ಈ ವ್ಯಾಪಾರ ನಡೀತಿರೋದು. ಇನ್ನೊಂದು ಕಡೆ "ಬಿಲ್ ಬೇಕಾ, ಬೇಡ್ವಾ?" ಅಂತ ಕೇಳಿದರು. ಬೇಡ ಅಂದ್ರೆ 18% ಜಿಎಸ್‌ಟಿ ಉಳೀತದೆ ಅನ್ನೋ ಆಸೆ. ಕೊಪ್ಪ ಇಲ್ಲಿಂದ ಮುನ್ನೂರು ಚಿಲ್ಲರೆ ಕಿಲೋಮೀಟರು. ಬಿಲ್ ಇಲ್ಲದ ಮಾಲು ಕೆಟ್ರೆ ವಾರಂಟಿ ಅಂತ ಯಾರ ಮುಂದೆ ಹೋಗಿ ನಿಲ್ಲೋದು? ಎಲ್ಲದಕ್ಕೂ ಬಿಲ್ ಬೇಕು ಅಂದೆ.

ನನ್ನ ಲೆಕ್ಕ ಶುರುವಾಗಿದ್ದು ಮಾನಿಟರಿಂದ. ಎಲ್ರೂ ಪ್ರೊಸೆಸರಿಂದ ಶುರು ಮಾಡ್ತಾರೆ, ನನಗದು ಉಲ್ಟಾ ಅನ್ಸತ್ತೆ. ಪರದೆ 1920x1080 ಆದ್ರೆ ಪ್ರತಿ ಫ್ರೇಮಿಗೆ ಇಪ್ಪತ್ತು ಲಕ್ಷ ಚಿಲ್ಲರೆ ಪಿಕ್ಸೆಲ್. 4ಕೆ ಆದ್ರೆ ಸರಿಯಾಗಿ ಅದರ ನಾಕು ಪಟ್ಟು. ಅಷ್ಟನ್ನೂ ಬಿಡಿಸೋದು ಗ್ರಾಫಿಕ್ಸ್ ಕಾರ್ಡು. ಪರದೆ ನಿರ್ಧಾರ ಆದ್ರೆ ಕಾರ್ಡ್ ನಿರ್ಧಾರ ಆಯ್ತು, ಕಾರ್ಡಿಗೆ ತಕ್ಕ ಪ್ರೊಸೆಸರು, ಉಳಿದದ್ದು ಅದರ ಹಿಂದೆ. 1080ಪಿ, 100 ಹರ್ಟ್ಸ್ ಮಾನಿಟರ್ 7,800ಕ್ಕೆ ಸಿಕ್ತು.

ಕಾರ್ಡಿನ ಕಥೆ ಸ್ವಲ್ಪ ಉದ್ದ. 2021ರಲ್ಲಾಗಿದ್ರೆ ಈ ದುಡ್ಡಿಗೆ ಕನಸೂ ಕಾಣೋ ಹಾಗಿರಲಿಲ್ಲ. ಒಂದು ಕಡೆ ಚಿಪ್ ಕೊರತೆ, ಇನ್ನೊಂದು ಕಡೆ ಈಥೀರಿಯಂ ಗಣಿಗಾರಿಕೆಗೆ ಅಂತ ರಾಶಿಗಟ್ಟಲೆ ಕಾರ್ಡ್ ತಗೋತಿದ್ದರು. 2022ರ ಸೆಪ್ಟೆಂಬರ್ 15ಕ್ಕೆ ಈಥೀರಿಯಂ ತನ್ನ ವಿಧಾನವನ್ನೇ ಬದಲಾಯಿಸಿ ಗಣಿಗಾರಿಕೆ ನಿಂತು ಹೋಯ್ತು, ಆ ಕಾರ್ಡುಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದವು. ಈಗಲೂ ಅಂಥವು ಸಿಗ್ತವೆ. ಬೆಂಗಳೂರಲ್ಲೇ ಇರೋನು ನಾನಾಗಿದ್ರೆ ಒಂದು ಕೈ ನೋಡ್ತಿದ್ದೆನೇನೋ. ತಮ್ಮನಿಗೆ ಬೇಡ.

ಹೊಸದರಲ್ಲಿ ಎರಡು ಉಳಿದವು. ಎನ್‌ವಿಡಿಯಾದ ಆರ್‌ಟಿಎಕ್ಸ್ 3050, ಎಎಂಡಿಯ ಆರ್‌ಎಕ್ಸ್ 6600. ಇದರಲ್ಲಿ 3050 ಅನ್ನೋ ಹೆಸರೇ ಒಂದು ಮೋಸ ಅಂತ ನನ್ನ ಅಭಿಪ್ರಾಯ. 2022ರಲ್ಲಿ ಬಂದದ್ದು 8 ಜಿಬಿ, 2560 ಕೋರು. 2024ರಲ್ಲಿ ಅದೇ ಹೆಸರಲ್ಲಿ 6 ಜಿಬಿ, 2304 ಕೋರಿನ ಇನ್ನೊಂದು ಬಂತು. ಡಬ್ಬದ ಮೇಲೆ ಕಣ್ಣಿಟ್ಟು ಓದದಿದ್ರೆ ಗೊತ್ತೇ ಆಗಲ್ಲ. ಆರ್‌ಎಕ್ಸ್ 6600 ಎರಡಕ್ಕಿಂತಲೂ ಮುಂದೆ, 8 ಜಿಬಿ ಮೆಮೊರಿ, 132 ವ್ಯಾಟ್ ಸಾಕು. ಜೊತೆಗೆ ವಿಂಡೋಸಿಗೆ ಕೊಡೋಕೆ ದುಡ್ಡಿರಲಿಲ್ಲ, ಲಿನಕ್ಸ್ ಹಾಕೋದು ಅಂತ ಮೊದಲೇ ತೀರ್ಮಾನ ಆಗಿತ್ತು. ಎಎಂಡಿ ಕಾರ್ಡಿನ ಡ್ರೈವರ್ ಲಿನಕ್ಸ್ ಕರ್ನಲ್ ಒಳಗೇ ಇರತ್ತೆ, ಬೇರೆ ಹುಡುಕಿ ಹಾಕೋ ತಲೆನೋವಿಲ್ಲ. 20,800 ರೂಪಾಯಿ. ಮೂವತ್ತೆರಡೂವರೆ ಕೆ.ಜಿ. ಮೆಣಸು! ಒಟ್ಟು ದುಡ್ಡಲ್ಲಿ ಮೂರರಲ್ಲೊಂದು ಪಾಲು ಇದಕ್ಕೇ ಹೋಯ್ತು. ಆಟಕ್ಕೆ ಅಂತ ಮಾಡೋ ಮೆಷೀನಲ್ಲಿ ಅದು ಹಾಗೇ ಇರಬೇಕು.

ಪ್ರೊಸೆಸರ್ ರೈಜೆನ್ 5 5600, ಆರು ಕೋರು, 9,300. "5600ಜಿ ತಗೋ, ಅದರಲ್ಲೇ ಗ್ರಾಫಿಕ್ಸ್ ಇದೆ, ಕಾರ್ಡ್ ಮುಂದಿನ ವರ್ಷ ಹಾಕಿದ್ರಾಯ್ತು" ಅಂತ ನನ್ನ ರೂಂಮೇಟ್ ಹೇಳ್ದ. ಕೆಟ್ಟ ಸಲಹೆ ಅಲ್ಲ. ಆದ್ರೆ ಅದರಲ್ಲಿ ಕ್ಯಾಶ್ ಅರ್ಧ, 32ರ ಬದಲು 16 ಎಂಬಿ. ಮುಂದಿನ ವರ್ಷ ಮೆಣಸಿಗೆ ಕೊಳೆರೋಗ ಬಂದ್ರೆ ಕಾರ್ಡೂ ಇಲ್ಲ! ರ‍್ಯಾಮ್ ವಿಷಯದಲ್ಲಿ 16 ಜಿಬಿಯ ಒಂದರ ಬದಲು 8 ಜಿಬಿಯ ಎರಡು ತಗೊಂಡೆ, ಬೆಲೆ ಹೆಚ್ಚೂ ಕಮ್ಮಿ ಅಷ್ಟೇ, ಎರಡು ದಾರೀಲಿ ಡೇಟಾ ಓಡತ್ತೆ. 3,100.

ಇಷ್ಟಾದ ಮೇಲೆ ಕೈಲಿ ಉಳಿದದ್ದು 19 ಸಾವಿರ. ಮದರ್‌ಬೋರ್ಡ್, ಎಸ್‌ಎಸ್‌ಡಿ, ಕ್ಯಾಬಿನೆಟ್, ಎಸ್‌ಎಂಪಿಎಸ್ ಇನ್ನೂ ಬಾಕಿ. ಈ ಹಂತದಲ್ಲಿ ಎಲ್ರೂ ಮಾಡೋದೇನು ಅಂದ್ರೆ ಎಸ್‌ಎಂಪಿಎಸ್ ಕಡಿತ. ಕ್ಯಾಬಿನೆಟ್ ಜೊತೆಗೇ ಬರೋ "500 ವ್ಯಾಟ್" ಡಬ್ಬ ಒಂಬೈನೂರು ರೂಪಾಯಿಗೆ ಸಿಗತ್ತೆ. ಹೇಗೂ ಕಣ್ಣಿಗೆ ಕಾಣಲ್ಲ.

ಬೆಂಗಳೂರಲ್ಲೇ ಅದು ಸರಿಯಲ್ಲ, ನಮ್ಮೂರಲ್ಲಂತೂ ಕೇಳ್ಲೇಬೇಡಿ. ಸುತ್ತಮುತ್ತ ಪಂಪ್‌ಸೆಟ್ ಶುರುವಾದ್ರೆ ಬಲ್ಬು ಕೆಂಪಗಾಗತ್ತೆ, ವೋಲ್ಟೇಜು 170ಕ್ಕೆ ಇಳಿದದ್ದನ್ನ ನಾನೇ ಮೀಟರಿಟ್ಟು ನೋಡಿದೀನಿ. ಏಪ್ರಿಲ್-ಮೇ ಬಂದ್ರೆ ಗುಡುಗು, ಸಿಡಿಲು. ಕರೆಂಟು ಹೋಗೋದು ಬರೋದು ದಿನಕ್ಕೆ ಲೆಕ್ಕವಿಲ್ಲ. ಅಂಗಡೀಲಿ ಕೂತು ಎಸ್‌ಎಂಪಿಎಸ್ ಪಕ್ಕದ ಲೇಬಲ್ ಓದ್ತಾ ಹೋದೆ. ಅಗ್ಗದವುಗಳಲ್ಲಿ ಬಹಳಷ್ಟರ ಮೇಲೆ 200-240 ವೋಲ್ಟ್ ಅಂತ ಬರೆದಿತ್ತು. ನಮ್ಮೂರಿನ ಸಂಜೆಗೆ ಅದು ನಡೆಯಲ್ಲ. 100-240 ವೋಲ್ಟ್ ಅಂತ ಬರೆದಿರೋದು ಬೇಕಿತ್ತು. ಇನ್ನೊಂದು ವಿಷಯ, '80 ಪ್ಲಸ್ ಬ್ರಾಂಜ್' ಅನ್ನೋ ಮುದ್ರೆ ಹೇಳೋದು ಎಷ್ಟು ಕರೆಂಟು ಶಾಖವಾಗಿ ಪೋಲಾಗಲ್ಲ ಅನ್ನೋದನ್ನ ಮಾತ್ರ. ಶಾರ್ಟ್ ಆದ್ರೆ, ವೋಲ್ಟೇಜ್ ಏರಿದ್ರೆ ತಾನಾಗೇ ಆಫ್ ಆಗೋ ರಕ್ಷಣೆ ಇದೆಯಾ ಅನ್ನೋದನ್ನ ಬೇರೆಯಾಗೇ ನೋಡಬೇಕು. ಎರಡೂ ಇರೋ 550 ವ್ಯಾಟಿಂದು 4,100ಕ್ಕೆ ತಗೊಂಡೆ. ಅಂಗಡಿಯವರು ಪಾಪ, ಒಂದು ಗಂಟೆ ನನ್ನನ್ನ ಸಹಿಸಿಕೊಂಡ್ರು.

ಇದರ ಮೇಲೆ ಯುಪಿಎಸ್ ಬೇರೆ. ಅವನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಮನೇಲಿರೋ ಇನ್ವರ್ಟರ್ ನಾಕು ಬಲ್ಬು ಒಂದು ಫ್ಯಾನಿಗೆ ಅಂತ ಹಾಕಿಸಿದ ಹಳೇ ಕಾಲದ್ದು, ಅದರ ಮೇಲೆ ಇದನ್ನ ಹೊರಿಸೋ ಹಾಗಿಲ್ಲ. 600 ವ್ಯಾಟಿನ ಯುಪಿಎಸ್ ಇನ್ನೊಂದು 4,100. ಅದನ್ನ ಹೊಂದಿಸೋಕೆ ಉಳಿದದ್ದನ್ನೆಲ್ಲ ಇಳಿಸಿದೆ. ಮದರ್‌ಬೋರ್ಡ್ ಬಿ550 ಇದ್ದದ್ದು ಬಿ450 ಆಯ್ತು, 5,500. ಹಳೇ ಸ್ಟಾಕಾದ್ರೆ 5000 ಸರಣಿಯ ಪ್ರೊಸೆಸರಿಗೆ ಬಯೋಸ್ ಅಪ್‌ಡೇಟ್ ಬೇಕಾಗತ್ತೆ, ಕೇಳಿ ಮಾಡಿಸಿಕೊಂಡೆ. ಒಂದು ಟಿಬಿ ಎಸ್‌ಎಸ್‌ಡಿ 500 ಜಿಬಿ ಆಯ್ತು, 3,000. ನನ್ನ ಕಾಲೇಜು ದಿನಗಳ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸುಮ್ನೆ ಬಿದ್ದಿತ್ತು, ಅದನ್ನ ಜೊತೆಗೆ ಸೇರಿಸಿದೆ. ಇದಕ್ಕೆ ಅವನು ತಕರಾರು ಮಾಡಲಿಲ್ಲ. ಕ್ಯಾಬಿನೆಟ್ ಗಾಜಿಲ್ಲದ್ದು, ಲೈಟಿಲ್ಲದ್ದು, ಮುಂದೆ ಜಾಲರಿ ಇರೋದು, 2,200. ಒಟ್ಟು 59,900. ಉಳಿದ ನೂರು ರೂಪಾಯಿ ಅವನಿಗೆ ವಾಪಸ್ ಕಳಿಸಿದೆ, ಒಂದು ಮಾತೂ ಆಡದೆ ತಗೊಂಡ :)

ರೂಮಲ್ಲೇ ಜೋಡಿಸಿ, ಎರಡು ರಾತ್ರಿ ಓಡಿಸಿ ನೋಡಿ, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಡಬ್ಬಕ್ಕೇ ಹಾಕಿದೆ. ಬಸ್ಸಲ್ಲಿ ಕುಲುಕಿದ್ರೆ ಅದರ ಭಾರಕ್ಕೆ ಸ್ಲಾಟೇ ಮುರೀಬಹುದು. ಯೂರೋ ಟ್ರಕ್ ಸಿಮ್ಯುಲೇಟರ್ 2, ರೆಡ್ ಡೆಡ್ ರಿಡೆಂಪ್ಷನ್ 2 ಎರಡನ್ನೂ ಇಲ್ಲೇ ಇಳಿಸಿಕೊಂಡೆ. ಎರಡನೇದು ನೂರೈವತ್ತು ಜಿಬಿ ಹತ್ರ ಬರತ್ತೆ, ಊರಿನ ನೆಟ್ಟಲ್ಲಿ ಇಳಿಯೋ ಹೊತ್ತಿಗೆ ಮಳೆಗಾಲ ಬರ್ತಿತ್ತು. ಊರಿಗೆ ಹೋದ್ರೆ ತಮ್ಮ ಒಂದು ಕೆಲಸ ಮೊದಲೇ ಮಾಡಿಟ್ಟಿದ್ದ. ಮನೆ ಪಕ್ಕ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ತಿಂಗ್ ಮಾಡಿಸಿದ್ದ. ಅರ್ತಿಂಗ್ ನೋಡ್ಕೋ ಅಂತ ನಾನು ಫೋನಲ್ಲಿ ಒಂದೇ ಸಲ ಹೇಳಿದ್ದು. ಸಿಡಿಲಿಗೆ ಮಾತ್ರ ಇದ್ಯಾವುದೂ ಸಾಲಲ್ಲ, ಪ್ಲಗ್ಗು ಕಿತ್ತಿಡಬೇಕು, ನೆಟ್ಟಿನ ವೈರ್ ಸಮೇತ. ಅದನ್ನೀಗ ಅಮ್ಮ ವಹಿಸಿಕೊಂಡಿದಾರೆ. ಮೋಡ ಕಂಡ ಕೂಡ್ಲೇ ಅವನು ಆಟದಲ್ಲಿ ಎಲ್ಲಿದಾನೆ ಅಂತ ನೋಡಲ್ಲ, "ಕಿತ್ತೆ ನೋಡು" ಅಂತ ಕಿತ್ತೇ ಬಿಡ್ತಾರೆ.

ಒಂದು ಮಳೆಗಾಲ ದಾಟಿದೆ, ಮೆಷೀನ್ ಚೆನ್ನಾಗಿದೆ. ಈಗ ಅವನಿಗೆ ಇನ್ನೂ 16 ಜಿಬಿ ರ‍್ಯಾಮ್ ಬೇಕಂತೆ, ಬೋರ್ಡಲ್ಲಿ ಎರಡು ಸ್ಲಾಟ್ ಖಾಲಿ ಇವೆಯಲ್ಲ. ಆದ್ರೆ 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನ ಬಾಚಿಕೊಳ್ಳೋಕೆ ಶುರುಮಾಡಿ ಬೆಲೆ ಎಲ್ಲಿಗೋ ಹೋಯ್ತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂತ ಹೇಳಿತು. ನಾನು 3,100ಕ್ಕೆ ತಂದ ಜೋಡಿಗೇ ಆಮೇಲೆ ಕೇಳಿದಾಗ ಎರಡು ಪಟ್ಟಿಗಿಂತ ಹೆಚ್ಚು ಹೇಳಿದರು. ನಿಮ್ಮಲ್ಲಿ ಯಾರ ಹತ್ರಾದ್ರೂ ಹಳೇ ಡಿಡಿಆರ್4, 3200ರ 8 ಜಿಬಿ ಎರಡು ಸುಮ್ನೆ ಬಿದ್ದಿದ್ರೆ ಹೇಳಿ. ದುಡ್ಡಿನ ಬದಲು ಮೆಣಸಾದ್ರೂ ಅಡ್ಡಿಯಿಲ್ಲ, ಬೇಕಾದ್ರೆ ಒಂದು ಕೆ.ಜಿ. ಹೆಚ್ಚೇ ಕೊಡ್ತಾನಂತೆ.