ಬಣ್ಣಕ್ಕೂ ಒಂದು ತಕ್ಕಡಿ

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಹಿರಿಯರ ಮಾತು ಎಲ್ಲರಿಗೂ ಗೊತ್ತಿರುವುದೇ. ತೂಕ ಮತ್ತು ಅಳತೆಗಳ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗಂತೂ ಅದು ಹೊಟ್ಟೆಪಾಡಿನ ಮಂತ್ರ. ಕಿರಾಣಿ ಅಂಗಡಿಯ ತಕ್ಕಡಿ ಎಷ್ಟೇ ಥಳಥಳಿಸುತ್ತಿರಲಿ, ಕಾಲಕಾಲಕ್ಕೆ ಪ್ರಮಾಣದ ತೂಕದೊಡನೆ ಒರೆಹಚ್ಚಿ ಮುದ್ರೆ ಒತ್ತಿದ ಹೊರತು ಸರಕಾರ ಅದರ ಮಾತನ್ನು ನಂಬುವುದಿಲ್ಲ. ಆದರೆ ಬಣ್ಣವನ್ನೂ ಹೀಗೆ ಒರೆಹಚ್ಚಬಹುದೆಂದು ನಾನು ಅರಿತದ್ದು ಈಚೆಗೆ. ಅದೂ ಒಂದು ದುಃಖದ ನಿಮಿತ್ತದಿಂದ.

ಕಳೆದ ವರ್ಷ ನಮ್ಮ ತೀರ್ಥರೂಪರು ತೀರಿಕೊಂಡರು. ಗದಗಿನ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಸೈಕಲ್ ತುಳಿದು ಶಾಲೆ ಕಲಿಸಿದವರು. ಮೈಬಣ್ಣ ಎಣ್ಣೆಗಪ್ಪು, ಹಣೆ ಮಾತ್ರ ಟೋಪಿಯ ನೆರಳಿನಿಂದಾಗಿ ಒಂದು ಛಾಯೆ ತಿಳಿ. ಮೊಬೈಲಿನಲ್ಲಿ ತೆಗೆದಿದ್ದ ಅವರ ಫೋಟೋ ಒಂದನ್ನು ಇಲ್ಲಿ ಪುಣೆಯ ಸ್ಟುಡಿಯೋ ಒಂದರಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಊರಿಗೆ ಒಯ್ದೆ. ಅವ್ವ ಬಹಳ ಹೊತ್ತು ನೋಡಿದಳು. “ಚಲೋ ಅದ ತಮ್ಮಾ. ಆದರ ಇವರು ಯಾರು?” ಎಂದಳು.

ಸ್ಟುಡಿಯೋದವರನ್ನು ವಿಚಾರಿಸಿದಾಗ, “ಮುಖ ಸ್ವಲ್ಪ ತಿಳಿ ಮಾಡಿದ್ದೇವೆ ಸಾಹೇಬರೇ, ಎಲ್ಲರೂ ಹಾಗೆಯೇ ಕೇಳುತ್ತಾರೆ” ಎಂದು ಸಮಾಧಾನ ಹೇಳಿದರು. ಜೊತೆಗೆ ಅವರ ಕಂಪ್ಯೂಟರಿನ ಪರದೆಯೂ ನೀಲಿಗೆ ತಿರುಗಿತ್ತು. ನೀಲಿ ಪರದೆಯನ್ನು ನಂಬಿ ಹಳದಿ ಕೂಡಿಸುತ್ತ ಹೋದರೆ ಅಚ್ಚಿನಲ್ಲಿ ಕಾಮಾಲೆ ಬರದೆ ಇರುತ್ತದೆಯೆ?

ನಮ್ಮ ಸಂಘದಲ್ಲಿ ಮುದ್ರಣದ ಕಸುಬಿನ ಹಿರಿಯರೊಬ್ಬರಿದ್ದಾರೆ. ಮೂಲ ಚಿತ್ರವನ್ನು ಅವರ ಬಳಿ ಒಯ್ದೆ. ಅವರು ಮೊದಲು ಪರದೆಯನ್ನು ಅರ್ಧ ಗಂಟೆ ಉರಿಯಬಿಟ್ಟು, ಬಳಿಕ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಉಪಕರಣವನ್ನು ಅದರ ಎದೆಯ ಮೇಲೆ ತೂಗುಬಿಟ್ಟರು. ವೈದ್ಯರು ಸ್ಟೆತಾಸ್ಕೋಪು ಇಟ್ಟಂತೆ! ಡಿಸ್‌ಪ್ಲೇಕ್ಯಾಲ್ ಎಂಬ ಸಾಫ್ಟ್‌ವೇರು ಕೆಂಪು, ಹಸಿರು, ನೀಲಿ, ಬೂದು ಚೌಕಗಳನ್ನು ಒಂದೊಂದಾಗಿ ತೋರಿಸುತ್ತದೆ. ಪರದೆ ನಿಜವಾಗಿ ಎಂಥ ಬೆಳಕು ಬಿಟ್ಟಿತೆಂದು ಉಪಕರಣ ಅಳೆಯುತ್ತದೆ. ಬಿಳುಪಿಗೆ 6500 ಕೆಲ್ವಿನ್, ಗ್ಯಾಮಾ 2.2, ಪ್ರಕಾಶಕ್ಕೆ ಚದರ ಮೀಟರಿಗೆ 120 ಕ್ಯಾಂಡೆಲಾ ಎಂದು ಗುರಿ ಕೊಟ್ಟಿದ್ದರು. ಕೇಳಿದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಬರೆದಿಡುವ ಕಡತಕ್ಕೆ ‘ಪ್ರೊಫೈಲ್’ ಎಂದು ಹೆಸರು. ಈ ಕಡತಗಳಿಗೆ ಒಂದೇ ಮಾದರಿ ಇರಲೆಂದು 1993ರಲ್ಲಿ ಎಂಟು ಕಂಪನಿಗಳು ಕೂಡಿ ಅಂತರರಾಷ್ಟ್ರೀಯ ಬಣ್ಣದ ಒಕ್ಕೂಟವನ್ನು ಸ್ಥಾಪಿಸಿದುವಂತೆ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಇದು ಪರದೆಯ ಸೇವಾ ಪುಸ್ತಕ. ಅದರ ಗುಣದೋಷಗಳೆಲ್ಲ ಅದರಲ್ಲಿ ನಮೂದು.

ಪ್ರಿಂಟರಿನ ಸರದಿ ಇನ್ನೂ ತಾಳ್ಮೆಯದು. ಪರದೆ ಬೆಳಕು ಬೀರಿ ಬಣ್ಣ ತೋರಿಸಿದರೆ, ಕಾಗದದ ಮೇಲಿನ ಶಾಯಿ ಬೆಳಕನ್ನು ಹೀರಿ ಬಣ್ಣ ತೋರಿಸುತ್ತದೆ. ಇಬ್ಬರದೂ ಬೇರೆ ಬೇರೆ ಜಾತಕ! ನೂರಾರು ಚೌಕಗಳ ಹಾಳೆಯೊಂದನ್ನು ಅಚ್ಚು ಹಾಕಿ, ರಾತ್ರಿಯೆಲ್ಲ ಒಣಗಿಸಿ, ಮರುದಿನ ಮತ್ತೊಂದು ಉಪಕರಣದಿಂದ ಚೌಕಚೌಕವನ್ನೂ ಅಳೆದರು. ಆ ಪ್ರೊಫೈಲು ಆ ಪ್ರಿಂಟರಿಗೆ, ಆ ಶಾಯಿಗೆ, ಆ ಕಾಗದಕ್ಕೆ ಮಾತ್ರ ಸಲ್ಲುತ್ತದೆ. ಕಾಗದ ಬದಲಾದರೆ ಲೆಕ್ಕ ಮೊದಲಿನಿಂದ.

ಇಷ್ಟು ಕೇಳಿದ ವಾಚಕರು, “ಹಾಗಾದರೆ ಯಂತ್ರಕ್ಕೆ ಪಕ್ಷಪಾತವಿಲ್ಲವೆನ್ನಿ” ಎನ್ನಬಹುದು. ಯಂತ್ರಕ್ಕಿಲ್ಲ, ನಿಜ, ಆದರೆ ಪ್ರಮಾಣದ ತೂಕವನ್ನು ಆರಿಸುವವನು ಮನುಷ್ಯನಷ್ಟೆ! ಅಮೆರಿಕದ ಕೊಡಾಕ್ ಕಂಪನಿಯವರು ಬಣ್ಣದ ಫೋಟೋ ಮುದ್ರಿಸುವ ಪ್ರಯೋಗಶಾಲೆಗಳಿಗೆ 1950ರ ದಶಕದಿಂದ ಒಂದು ಮಾದರಿ ಚಿತ್ರವನ್ನು ಒದಗಿಸುತ್ತಿದ್ದರು. ಅದರಲ್ಲಿ ಒಬ್ಬ ಬಿಳಿಯ ಹೆಂಗಸು. ಹೆಸರು ‘ಶರ್ಲಿ ಕಾರ್ಡ್’. ಆಕೆಯ ಮೈಬಣ್ಣ ಸರಿಯಾಗಿ ಮೂಡಿದರೆ ಯಂತ್ರ ಸರಿ ಎಂದು ತೀರ್ಪು. ಕಪ್ಪು ಮೈಯವರು ಅದರಲ್ಲಿ ಹೇಗೆ ಮೂಡಿದರೆಂದು ಆ ಕಾರ್ಡು ಕೇಳುತ್ತಿರಲಿಲ್ಲ. ನಾನಾ ವರ್ಣದ ಹೆಂಗಸರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ನಮ್ಮ ಸ್ಟುಡಿಯೋದವರ ಮನಸ್ಸಿನೊಳಗೂ ಅಂಥದೇ ಒಂದು ಕಾರ್ಡು ಕುಳಿತಿರಬೇಕು. ವಧೂವರರ ಜಾಹೀರಾತು ಬರೆಯುವ ನಮ್ಮ ಮನಸ್ಸಿನೊಳಗೂ ಇಲ್ಲವೆನ್ನಲಾದೀತೆ?

ಹಿರಿಯರು ಮುಖವನ್ನು ತಿಳಿ ಮಾಡುವ ಗೋಜಿಗೇ ಹೋಗದೆ ಹೊಸ ಪ್ರತಿಯನ್ನು ಅಚ್ಚು ಹಾಕಿ ಕೊಟ್ಟರು. “ಟ್ಯೂಬ್‌ಲೈಟಿನ ಕೆಳಗೆ ತೋರಿಸಬೇಡಿ, ಹಗಲಿನ ಬೆಳಕಿನಲ್ಲಿ ತೋರಿಸಿ” ಎಂದು ಎಚ್ಚರಿಸಿದರು. ಒಂದೇ ಚಿತ್ರ ದೀಪ ಬದಲಾದರೆ ಬೇರೆ ಬಣ್ಣ ತಾಳುತ್ತದಂತೆ. ಅವ್ವ ಅದನ್ನು ಅಂಗಳಕ್ಕೆ ಒಯ್ದು ನೋಡಿದಳು. ಸೆರಗಿನಿಂದ ಗಾಜನ್ನು ಒರೆಸಿ, “ಈಗ ನೋಡು, ಬಿಸಿಲಾಗಿಂದ ಈಗ ಮನಿಗೆ ಬಂದಂಗ ಅದಾರ” ಎಂದಳು.

ಆದುದರಿಂದ ವಾಚಕರಲ್ಲಿ ನನ್ನದೊಂದು ಅರಿಕೆ. ಮನೆಯ ಹಿರಿಯರ ಫೋಟೋ ಮಾಡಿಸುವಾಗ ಮೂಲ ಚಿತ್ರವನ್ನು ಕಾಪಾಡಿಕೊಳ್ಳಿರಿ. ಪರದೆಗೂ ಪ್ರಿಂಟರಿಗೂ ಒರೆ ಹಚ್ಚುವ ಅಂಗಡಿಯನ್ನು ಹುಡುಕಿರಿ. “ಮುಖವನ್ನು ತಿಳಿ ಮಾಡಬೇಡಿ” ಎಂದು ಬಾಯಿಬಿಟ್ಟು ಹೇಳಿರಿ. ಜೀವಮಾನವೆಲ್ಲ ಬಿಸಿಲಿನಲ್ಲಿ ದುಡಿದು ಗಳಿಸಿದ ಬಣ್ಣ ಅದು. ಅದರಲ್ಲಿ ಒಂದು ಗುಂಜಿಯಷ್ಟನ್ನೂ ಕಡಿಮೆ ತೂಗುವ ಅಧಿಕಾರ ಯಾವ ತಕ್ಕಡಿಗೂ ಇಲ್ಲ.