ಈರುಳ್ಳಿ ಸಂಜೆಗೂ ಸಿಗುತ್ತೆ

ಫುಟ್‌ಬಾಲ್ ಎಂಬ ಪದ ಕಂಡ ಕೂಡಲೇ "ಇದು ಗಂಡಸರಿಗೆ ಬರೆದದ್ದು" ಎಂದು ಪುಟ ತಿರುವಿಬಿಡಬೇಡಿ, ಸೋದರಿಯರೇ. ನಾನು ಹೇಳಹೊರಟಿರುವುದು ಚೆಂಡಿನ ವಿಷಯಕ್ಕಿಂತ ಹೆಚ್ಚಾಗಿ ಆಯ್ಕೆಯ ವಿಷಯ. ಕೈಚೀಲ ಹಿಡಿದು ಸಂತೆಗೆ ಹೋಗಿ ಬರುವ ನಿಮಗೆ ಅದು ಹೊಸದೇನೂ ಅಲ್ಲ.

2023ರಲ್ಲಿ ಮಗಳ ಬಾಣಂತನಕ್ಕೆಂದು ನಾನು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ಊರಿಗೆ ಹೋಗಿದ್ದೆ. ಆಗಸ್ಟ್ ತಿಂಗಳ ಕೊನೆ. ಕೂಸಿಗೆ ಐದು ವಾರ ತುಂಬಿತ್ತು. ಒಂದು ದಿನ ಮಗಳು ಮೆಣಸಿನ ಸಾರಿನ ಅನ್ನ ಕಲೆಸುತ್ತಾ, ಏನೋ ದೊಡ್ಡ ಸಾಲ ಕೇಳುವವಳ ಹಾಗೆ, "ಅಮ್ಮಾ, ಈ ಭಾನುವಾರ ಎರಡು ಗಂಟೆ ಹೊತ್ತು ಕೂಸನ್ನ ನೀನೊಬ್ಬಳೇ ನೋಡ್ಕೋತೀಯಾ? ನಮ್ಮ ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್ ಇದೆ" ಅಂದಳು.

ಅಂದು ಅರಿಶಿನ ಕುಂಕುಮಕ್ಕೆಂದು ಬಂದಿದ್ದ ಪರಿಚಯದ ಹೆಂಗಸೊಬ್ಬರು ಅಲ್ಲೇ ಕೂತಿದ್ದರು. "ಮಗು ಹೆತ್ತ ಮೇಲೂ ಆಟವೇನಮ್ಮಾ? ಸುಮ್ಮನೆ ಕಣ್ಣು ಮುಚ್ಚಿ ಮಲಗಬಾರದೇ?" ಎಂದುಬಿಟ್ಟರು. ಮಗಳು ಮಾತಾಡಲಿಲ್ಲ. ತಟ್ಟೆ ನೋಡುತ್ತಾ ಕೂತಳು. ಹೆತ್ತ ಕರುಳಿಗೆ ಅಷ್ಟು ಸಾಲದೇ? "ಎರಡು ಗಂಟೆ ಯಾಕೆ, ಮೂರು ಗಂಟೆ ತಗೋ. ಆದರೆ ಅದೇನು ಆಟ ಅಂತ ಮೊದಲು ನನಗೆ ಹೇಳಿಕೊಡು" ಅಂದೆ.

ಅವಳು ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ಅಮೆರಿಕದವರ ಫುಟ್‌ಬಾಲ್ ನಮ್ಮ ಮಕ್ಕಳು ಕಾಲಿನಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಎದುರಾಳಿಯ ಗಡಿ ದಾಟಬೇಕು. ದೊಡ್ಡ ಲೀಗಿನಲ್ಲಿ 32 ತಂಡಗಳು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅದನ್ನು ಹಿಡಿದು ನುಗ್ಗುವವನು ರನ್ನಿಂಗ್ ಬ್ಯಾಕ್. ದೂರ ಓಡಿಹೋಗಿ ಹಿಡಿಯುವವನು ರಿಸೀವರ್. ಎದುರಾಳಿಯನ್ನು ತಡೆಯಲೂಬೇಕು, ಚೆಂಡು ಹಿಡಿಯಲೂಬೇಕು ಎನ್ನುವವನು ಟೈಟ್ ಎಂಡ್. ಕಾಲಿನಲ್ಲಿ ಒದೆಯಲೆಂದೇ ಒಬ್ಬ ಕಿಕರ್.

ಫ್ಯಾಂಟಸಿ ಎಂದರೆ ಇವರನ್ನೆಲ್ಲ ಆರಿಸಿ ಕಾಗದದ ಮೇಲೆ ನಮ್ಮದೇ ತಂಡ ಕಟ್ಟುವುದು. ಮೈದಾನದಲ್ಲಿ ಅವರು ನಿಜವಾಗಿ ಹತ್ತು ಗಜ ಓಡಿದರೆ ನಮಗೆ ಒಂದು ಅಂಕ, ಗಡಿ ದಾಟಿದರೆ ಆರು ಅಂಕ. 1962ರಲ್ಲಿ ಓಕ್ಲೆಂಡ್ ರೇಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್ ಎಂಬುವರು ಸ್ನೇಹಿತರೊಡನೆ ಕೂತು ಈ ಆಟ ಹುಟ್ಟುಹಾಕಿದರಂತೆ. ಮರುವರ್ಷ ಓಕ್ಲೆಂಡಿನಲ್ಲಿ ಮೊದಲ ಆಯ್ಕೆ ನಡೆಯಿತು.

"ದುಡ್ಡಿಟ್ಟು ಆಡುವುದೇ?" ಎಂದು ನೀವು ಕೇಳುವುದು ಸಹಜ, ನಾನೂ ಅದನ್ನೇ ಕೇಳಿದೆ. ಮಗಳ ಗುಂಪಿನಲ್ಲಿ ಒಂದು ಪೈಸೆಯೂ ಇಲ್ಲ. ಅಲ್ಲಿ ಓದುವಾಗಿನ ಹತ್ತು ಜನ ಗೆಳೆಯರು, ಗೆದ್ದವರಿಗೆ ಒಂದು ಕಪ್ಪು, ಅಷ್ಟೇ. ನಮ್ಮ ದೇಶದಲ್ಲಂತೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದು ನಿಷೇಧಿಸಿದೆ. ಮನೆಯ ಹುಡುಗರು "ಇದೂ ಅದೇ ಆಟ" ಎಂದು ದುಡ್ಡು ಕೇಳಿದರೆ ಕಿವಿಗೊಡಬೇಡಿ.

ಈಗ ಆಯ್ಕೆಗೆ ಬರೋಣ. ಒಬ್ಬೊಬ್ಬರೂ 16 ಆಟಗಾರರನ್ನು ಆರಿಸಬೇಕು. ವಾರವಾರ ಆಡಿಸುವುದು ಒಂಬತ್ತು: ಎಸೆಯುವವನು ಒಬ್ಬ, ಓಡುವವರು ಇಬ್ಬರು, ಹಿಡಿಯುವವರು ಇಬ್ಬರು, ಟೈಟ್ ಎಂಡ್ ಒಬ್ಬ, ಓಡುವವನೋ ಹಿಡಿಯುವವನೋ ಯಾರಾದರೂ ಸರಿ ಎನ್ನುವ ಜಾಗ ಒಂದು, ಒದೆಯುವವನು ಒಬ್ಬ, ಜೊತೆಗೆ ಯಾವುದಾದರೂ ಒಂದು ತಂಡದ ಇಡೀ ರಕ್ಷಣಾ ಪಡೆ. ಉಳಿದ ಏಳು ಮಂದಿ ಬೆಂಚಿನ ಮೇಲೆ. ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಸರದಿ ಹಾವಿನಂತೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಒಂದರಿಂದ ಹತ್ತು, ಎರಡನೆಯದರಲ್ಲಿ ಹತ್ತರಿಂದ ಒಂದು. ಮಗಳಿಗೆ ಬಂದದ್ದು ಏಳನೆಯ ಸರದಿ. ಅಂದರೆ ಏಳನೆಯ ಆಟಗಾರ ಅವಳದು, ಮತ್ತೆ ಹದಿನಾಲ್ಕನೆಯವನು, ಆಮೇಲೆ ಇಪ್ಪತ್ತೇಳನೆಯವನು.

"ಎಲ್ಲರಿಗಿಂತ ಹೆಚ್ಚು ಅಂಕ ತರುವವನು ಯಾರು?" ಎಂದೆ.

"ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕೇ ಅಮ್ಮಾ."

"ಹಾಗಿದ್ದ ಮೇಲೆ ಅವನನ್ನೇ ಮೊದಲು ತಗೋ."

ಅವಳು ನಕ್ಕಳು. "ಸಂತೆಗೆ ಹೋದರೆ ನೀನು ಮೊದಲು ಏನು ಕೊಳ್ತೀಯ? ಮನೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಈರುಳ್ಳಿ ಅಂತ ಅದನ್ನೇ ಮೊದಲು ಚೀಲಕ್ಕೆ ಹಾಕ್ತೀಯಾ?"

ಹೌದಲ್ಲ! ತಿಪಟೂರಿನಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಯಾರೂ ಹೀಗೆ ಬಿಡಿಸಿ ಕೇಳಿರಲಿಲ್ಲ. ಈರುಳ್ಳಿ ಆಲೂಗೆಡ್ಡೆ ಸಂಜೆ ಹೋದರೂ ರಾಶಿ ಬಿದ್ದಿರುತ್ತದೆ. ಬೆಳಗಿನದಕ್ಕೂ ಸಂಜೆಯದಕ್ಕೂ ಹೆಚ್ಚು ಅಂತರವಿಲ್ಲ. ಎಳೆ ಬೆಂಡೆಕಾಯಿ ಹಾಗಲ್ಲ. ಹತ್ತು ಗಂಟೆಗೆ ಹೋದರೆ ತುದಿ ಮುರಿದರೂ ಮುರಿಯದ ಬಲಿತ ಬೆಂಡೆಯೇ ಗತಿ. ಅದಕ್ಕೇ ನಾವು ಹೋದವರೇ ಬೆಂಡೆಕಾಯಿಯವಳ ಮುಂದೆ ಕೂರುವುದು.

ಡ್ರಾಫ್ಟಿನ ಲೆಕ್ಕವೂ ಇದೇ. ಹತ್ತು ಜನಕ್ಕೆ ಬೇಕಾದ ಕ್ವಾರ್ಟರ್‌ಬ್ಯಾಕ್‌ಗಳು ಹತ್ತೇ. ಇರುವ ತಂಡಗಳು 32. ತಡವಾಗಿ ಹೋದರೂ ಒಳ್ಳೆಯವನೇ ಸಿಗುತ್ತಾನೆ. ಓಡುವವರು ಹತ್ತು ಜನಕ್ಕೆ ಇಬ್ಬಿಬ್ಬರಂತೆ ಇಪ್ಪತ್ತು ಬೇಕು, ಬೆಂಚಿಗೂ ಬೇಕು. ಆದರೆ ಎಷ್ಟೋ ತಂಡಗಳು ಓಟದ ಕೆಲಸವನ್ನು ಇಬ್ಬರಿಗೆ ಹಂಚುವುದರಿಂದ, ಇಡೀ ಆಟದ ಭಾರ ಹೊರುವವರು ಬೆರಳೆಣಿಕೆಯಷ್ಟೇ. ಅವರು ಬೇಗ ಖಾಲಿ. ಒದೆಯುವವರಲ್ಲಿ ಅಂಥ ವ್ಯತ್ಯಾಸವಿಲ್ಲ, ಅವರನ್ನು ಕೊನೆಗೆ ಎತ್ತಿಕೊಂಡರಾಯಿತು. ಯಾರು ಎಷ್ಟು ಒಳ್ಳೆಯವನು ಎಂಬುದಕ್ಕಿಂತ, ಈಗ ಬಿಟ್ಟರೆ ಮುಂದಿನ ಸರದಿಗೆ ಉಳಿಯುವವನು ಎಷ್ಟು ಕಡಿಮೆಯವನು ಎಂಬುದನ್ನು ನೋಡಬೇಕು.

ಹಾಗೆಂದು ಓಡುವವರನ್ನೇ ತುಂಬಿಕೊಂಡರೂ ಕೆಟ್ಟಿತು. ಬರೀ ಬೆಂಡೆಕಾಯಿಯಲ್ಲಿ ಹಬ್ಬದಡಿಗೆ ಆದೀತೇ? ಇನ್ನೊಂದು ತೊಡಕೂ ಇದೆ. ಪ್ರತಿ ತಂಡಕ್ಕೂ ನಡುವೆ ಒಂದು ವಾರ ರಜೆ. ನಮ್ಮ ಇಬ್ಬರು ಓಟಗಾರರ ರಜೆಯೂ ಒಂದೇ ವಾರ ಬಿದ್ದರೆ, ಮನೆಯ ಸೊಸೆಯಂದಿರಿಬ್ಬರೂ ಒಂದೇ ದಿನ ತವರಿಗೆ ಹೊರಟ ಹಾಗೆ!

ಭಾನುವಾರ ಬಂತು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ, ತೊಡೆಯ ಮೇಲೆ ಮಲಗಿಸಿಕೊಂಡು ನಾನು ಒಳಕೋಣೆಯಲ್ಲಿ ಕೂತೆ. ಹೊರಗಿನಿಂದ ಮಗಳ ನಗು ಕೇಳಿಸುತ್ತಿತ್ತು. ಹೆರಿಗೆಯಾದ ಮೇಲೆ ಆ ನಗುವನ್ನು ನಾನು ಕೇಳಿಯೇ ಇರಲಿಲ್ಲ. ಒಬ್ಬಾತ ಮೊದಲ ಸುತ್ತಿನಲ್ಲೇ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಎತ್ತಿಕೊಂಡ. ಇವಳು ಆರಿಸಿದ್ದು ಆ ರಾಜ್ಯದವರೇ ಆದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಓಟಗಾರ ನಿಕ್ ಚಬ್‌ನನ್ನು. ಎರಡನೆಯ ಸುತ್ತಿನಲ್ಲಿ ಹಿಡಿಯುವವನು, ಎ.ಜೆ. ಬ್ರೌನ್. ಎಸೆಯುವವನಿಗಾಗಿ ಹತ್ತನೆಯ ಸುತ್ತಿನವರೆಗೂ ಕಾದಳು. ಡೆಟ್ರಾಯ್ಟ್‌ನ ಜ್ಯಾರೆಡ್ ಗಾಫ್ ಇನ್ನೂ ಉಳಿದಿದ್ದ! ಆ ವರ್ಷ ಅವನು 30 ಟಚ್‌ಡೌನ್ ಎಸೆದ.

ಲೆಕ್ಕ ಸರಿಯಿದ್ದ ಮಾತ್ರಕ್ಕೆ ಗೆಲುವು ಬರುತ್ತದೆಯೇ? ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಜೆಟ್ಸ್‌ಗೆ ಹೊಸದಾಗಿ ಬಂದ ಆರನ್ ರಾಡ್ಜರ್ಸ್ ಚೆಂಡು ಕೈಗೆ ಬಂದ ನಾಲ್ಕನೆಯ ಸಲಕ್ಕೇ ಹಿಮ್ಮಡಿಯ ನರ ಹರಿದುಕೊಂಡು ಇಡೀ ವರ್ಷ ಕೂತ. ಅವನನ್ನೇ ನಂಬಿದ್ದ ಗೆಳೆಯನ ಪಾಡು ಕೇಳಬೇಡಿ. ಮುಂದಿನ ವಾರ, 18ರಂದು, ನಮ್ಮ ಚಬ್‌ನ ಮಂಡಿಯೇ ಮುರಿದಂತಾಯಿತು. ಅವನಿಗೂ ಆ ವರ್ಷ ಮುಗಿಯಿತು. ಮಗಳ ಮುಖ ಸಪ್ಪಗಾಯಿತು. ಆದರೆ ಬೆಂಚಿನ ಮೇಲೆ ಬೇರೆ ಬೇರೆ ರಜೆಯ ಮೂವರು ಓಟಗಾರರನ್ನು ಕೂರಿಸಿದ್ದಳಲ್ಲ, ಅವರು ಹೇಗೋ ತೂಗಿಸಿದರು. ಹತ್ತು ಜನರಲ್ಲಿ ಐದನೆಯವಳಾಗಿ ಮುಗಿಸಿದಳು. ಕಪ್ಪು ಬರಲಿಲ್ಲ. ವಾರಕ್ಕೊಮ್ಮೆ ಗೆಳತಿಯರ ಫೋನು ಮಾತ್ರ ತಪ್ಪದೆ ಬರುತ್ತಿತ್ತು.

ಈ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನಗಿದ್ದದ್ದು ಆರು ತಿಂಗಳ ಅನುಮತಿ. ಮಾಡಬೇಕಾದ್ದು ಬೆಟ್ಟದಷ್ಟು. ಕಪಾಟು ಜೋಡಿಸುವುದು, ಪುಡಿಗಳನ್ನು ಕುಟ್ಟಿಡುವುದು, ಅಳಿಯಂದಿರು ಆಸೆಪಟ್ಟು ಹೇಳುತ್ತಿದ್ದ ನಯಾಗರಾ ಜಲಪಾತ ನೋಡುವುದು. ಒಂದು ಚೀಟಿಯಲ್ಲಿ ಬರೆದುಕೊಂಡು, "ನಾನು ಊರಿಗೆ ಹೋದ ಮೇಲೂ ಇದು ಸಿಗುತ್ತದೆಯೇ?" ಎಂದು ಒಂದೊಂದಕ್ಕೂ ಕೇಳಿದೆ. ಕಪಾಟು ಅಳಿಯಂದಿರೂ ಜೋಡಿಸಬಲ್ಲರು. ಅಂಟಿನುಂಡೆಯ ಅಳತೆ ಬರೆದುಕೊಟ್ಟರಾಯಿತು. ನಯಾಗರಾ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಕೂಸಿನ ಎಳೆ ಮೈಗೆ ಅಜ್ಜಿಯ ಕೈಯ ಎಣ್ಣೆ, ಬಾಣಂತಿಗೆ ರಾತ್ರಿ ನಾಲ್ಕು ಗಂಟೆಯ ಒಂದೇ ನಿದ್ದೆ, ತಾನು ಇನ್ನೂ ತಾನೇ ಎನ್ನಿಸುವ ಆ ಎರಡು ಗಂಟೆಯ ನಗು — ಇವು ಸಂಜೆಗೆ ಸಿಗುವ ಸಾಮಾನಲ್ಲ. ಅವನ್ನು ಮೊದಲು ಎತ್ತಿಕೊಂಡೆ. ನಯಾಗರಾ ಹೊರಡುವ ತಿಂಗಳಲ್ಲಿ ನೋಡಿದ್ದಾಯಿತು.

ನೀವೂ ಒಮ್ಮೆ ಹೀಗೆ ಚೀಟಿ ಬರೆದು ನೋಡಿ. ಹಬ್ಬವಿರಲಿ, ಮದುವೆಯಿರಲಿ, ರಜೆಗೆ ಮಕ್ಕಳು ಬರುವ ವಾರವಿರಲಿ. ಒಂದು ಕಡೆ, ಯಾವಾಗ ಮಾಡಿದರೂ ನಡೆಯುವ ಕೆಲಸ. ಇನ್ನೊಂದು ಕಡೆ, ಇಂದು ಬಿಟ್ಟರೆ ಬಲಿತುಹೋಗುವಂಥದ್ದು. ಬೆಂಚಿನ ಮೇಲೂ ಯಾರನ್ನಾದರೂ ಕೂರಿಸಿರಿ. ನಿಮಗೆ ಜ್ವರ ಬಂದ ದಿನ ಒಲೆ ಹಚ್ಚಬಲ್ಲ ಗಂಡನೋ ಮಗನೋ ಇರಲಿ, ಅನ್ನ ಸಾರು ಮಾಡುವುದನ್ನು ಈಗಲೇ ಕಲಿಸಿಡಿ. ಮನೆಯ ಬಾಣಂತಿಯೋ ಸೊಸೆಯೋ "ಎರಡು ಗಂಟೆ ನನಗೆ ಬಿಡಿ" ಎಂದು ಕೇಳಿದರೆ, ಅದು ಯಾವ ಆಟವೆಂದು ವಿಚಾರಿಸಿ, ಕೂಸನ್ನು ಎತ್ತಿಕೊಳ್ಳಿ. ಈರುಳ್ಳಿ ಹೇಗೂ ಸಂಜೆಗೂ ಸಿಗುತ್ತೆ.